ಡಾಕ್ಟರುಗಳ ಸಂಘದಲ್ಲಿ ಡೇಟಾಬೇಸ್ ಕೆಲಸ: ಸೇರಲಾ, ಬೇಡವಾ?

ಪ್ರಶ್ನೆ: ನಮ್ಮೂರು ಚಿಂತಾಮಣಿ. ಬಿಸಿಎ ಮುಗಿಸಿ ಎರಡು ವರ್ಷ ಆಯ್ತು. ಸದ್ಯಕ್ಕೆ ಇಲ್ಲೇ ಒಂದು ನರ್ಸಿಂಗ್ ಹೋಮ್‌ನ ಬಿಲ್ಲಿಂಗ್ ಕೌಂಟರ್‌ನಲ್ಲಿದ್ದೇನೆ. ಬೆಂಗಳೂರಿನ ಒಂದು ವೈದ್ಯರ ಸಂಘದಿಂದ 'ಡೇಟಾಬೇಸ್ ಸಪೋರ್ಟ್' ಕೆಲಸಕ್ಕೆ ಸಂದರ್ಶನಕ್ಕೆ ಕರೆದಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಸದಸ್ಯರ ಪಟ್ಟಿ ನೋಡಿಕೊಳ್ಳಬೇಕಂತೆ. 'ಅದು ಟೈಪಿಂಗ್ ಕೆಲಸ, ಅದಕ್ಕೆ ಡಿಗ್ರಿ ಯಾಕೆ' ಅಂತ ಅಪ್ಪ ಕೇಳುತ್ತಾರೆ. ಸಾಫ್ಟ್‌ವೇರ್ ಕಂಪನಿಗೇ ಕಾಯಿ ಅಂತ ಗೆಳತಿಯರು ಹೇಳುತ್ತಾರೆ. ಡೇಟಾಬೇಸ್ ಜೊತೆ ಮಾತಾಡುವ ಭಾಷೆ ಎಸ್‌ಕ್ಯುಎಲ್ ಕಾಲೇಜಲ್ಲಿ ಓದಿದ್ದಷ್ಟೇ ನೆನಪು. ಸೇರಲಾ? ಸೇರಿದರೆ ಏನು ಕಲಿಯಬೇಕು? ಮುಂದಕ್ಕೆ ದಾರಿ ಇದೆಯಾ?

ಉತ್ತರ: ಸೇರಿ. ಮೊದಲೇ ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ ನೋಡೋಣ.

ಇದೇ ಕೆಲಸವನ್ನು ನಾನು ಹದಿನೇಳು ವರ್ಷದಿಂದ ಮಾಡುತ್ತಿದ್ದೇನೆ. ಕೋಲಾರದಲ್ಲಿ ಮನೆ, ವಾರಕ್ಕೆ ಮೂರು ದಿನ ಬೆಂಗಳೂರಿಗೆ ಓಡಾಟ. ನಿಮ್ಮ ಅಪ್ಪ ಹೇಳಿದ ಮಾತನ್ನು ನಮ್ಮ ಮನೆಯಲ್ಲೂ ಹೇಳಿದ್ದರು. ಅವರು ಹೇಳುವುದರಲ್ಲಿ ಸ್ವಲ್ಪ ನಿಜ ಇದೆ. ಟೈಪಿಂಗ್ ಇರುತ್ತದೆ, ಜಾಸ್ತಿಯೇ ಇರುತ್ತದೆ. ಆದರೆ ಏನು ಟೈಪ್ ಮಾಡಬೇಕು, ಏನು ಮಾಡಬಾರದು, ಯಾರನ್ನು ಕೇಳಿ ಮಾಡಬೇಕು ಅಂತ ತಿಳಿದುಕೊಳ್ಳುವುದಕ್ಕೇ ವರ್ಷಗಳು ಬೇಕು. ಸಂಬಳ ಕೊಡುವುದು ಆ ತಿಳಿವಳಿಕೆಗೆ.

ಮೊದಲು ಒಂದು ಗೊಂದಲ ತೆಗೆಯೋಣ. ಡಾಕ್ಟರುಗಳ ಹೆಸರು ಇರುವ ಜಾಗ ಎರಡು. ಒಂದು ಮೆಡಿಕಲ್ ಕೌನ್ಸಿಲ್. ಅದು ಕಾನೂನಿನ ಪ್ರಕಾರ ಇರುವ ಸಂಸ್ಥೆ. ಅಲ್ಲಿ ರಿಜಿಸ್ಟರ್ ಆಗದೆ ವೃತ್ತಿ ಮಾಡುವ ಹಾಗಿಲ್ಲ. ನಮ್ಮ ರಾಜ್ಯಕ್ಕೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ಇದೆ. ಇನ್ನೊಂದು ಸಂಘ. ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಶುರುವಾಗಿದ್ದು 1928 ರಲ್ಲಿ. ಹೆರಿಗೆ ಮತ್ತು ಸ್ತ್ರೀರೋಗ ತಜ್ಞರ ಸಂಘಗಳ ಒಕ್ಕೂಟ ಫಾಗ್ಸಿ 1950 ರದು. ಮಕ್ಕಳ ಡಾಕ್ಟರುಗಳ ಅಕಾಡೆಮಿ 1963 ರದು. ಇವಕ್ಕೆ ಸೇರುವುದು ಬಿಡುವುದು ಅವರವರ ಇಷ್ಟ.

ಹಾಗಾಗಿ ಒಬ್ಬ ಡಾಕ್ಟರಿಗೆ ಎರಡು ನಂಬರ್ ಇರುತ್ತದೆ. ಕೌನ್ಸಿಲ್ ಕೊಟ್ಟ ರಿಜಿಸ್ಟ್ರೇಷನ್ ನಂಬರ್, ಸಂಘ ಕೊಟ್ಟ ಮೆಂಬರ್‌ಶಿಪ್ ನಂಬರ್. ಫೋನ್ ಮಾಡುವವರಲ್ಲಿ ಎಷ್ಟೋ ಜನ ಒಂದನ್ನು ಕೇಳಿದರೆ ಇನ್ನೊಂದನ್ನು ಹೇಳುತ್ತಾರೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಇನ್ನೂ ಒಂದು ತೊಡಕಿದೆ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಕಡೆ ಆಂಧ್ರದಲ್ಲಿ ಓದಿ ಅಲ್ಲೇ ರಿಜಿಸ್ಟರ್ ಆಗಿ ಬಂದವರು ಸಿಗುತ್ತಾರೆ. ಆಂಧ್ರದ ನಂಬರೂ ಕರ್ನಾಟಕದ ನಂಬರೂ ಒಂದೇ ಆಗಿರಬಹುದು, ವ್ಯಕ್ತಿಗಳು ಬೇರೆ. ಅದಕ್ಕೇ ಬರೀ ನಂಬರ್ ಸಾಲದು, ಯಾವ ಕೌನ್ಸಿಲ್ ಅನ್ನುವ ಕಾಲಂ ಜೊತೆಗಿರಬೇಕು. 2019 ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯ ಪ್ರಕಾರ ದೇಶಕ್ಕೆಲ್ಲ ಒಂದೇ ರಿಜಿಸ್ಟರ್ ಮಾಡುವುದಕ್ಕೆ 2024 ರ ಆಗಸ್ಟ್‌ನಲ್ಲಿ ಪೋರ್ಟಲ್ ಶುರು ಮಾಡಿದ್ದಾರೆ. ಅದರಲ್ಲಿ ಡಾಕ್ಟರಿಗೆ ಒಂದು ಐಡಿ ಸಿಗುತ್ತದೆ. ನಿಮ್ಮ ಟೇಬಲ್‌ನಲ್ಲಿ, ಅಂದರೆ ಡೇಟಾಬೇಸ್‌ನೊಳಗೆ ಸಾಲು, ಕಾಲಂ ಮಾಡಿಟ್ಟ ಪಟ್ಟಿಯಲ್ಲಿ, ಅದಕ್ಕೂ ಒಂದು ಜಾಗ ಇರಲಿ.

ಕಟ್ಟಡ ಇಲ್ಲದೆ ಸಂಘ ನಡೆಯುತ್ತದೆ. ಪಟ್ಟಿ ಇಲ್ಲದೆ ನಡೆಯುವುದಿಲ್ಲ. ಯಾರ ಫೀಸು ಬಾಕಿ, ಯಾರು ಆಜೀವ ಸದಸ್ಯರು, ಪತ್ರಿಕೆ ಯಾವ ವಿಳಾಸಕ್ಕೆ ಹೋಗಬೇಕು, ಚುನಾವಣೆಯಲ್ಲಿ ಯಾರಿಗೆ ಮತ ಇದೆ, ಸದಸ್ಯರು ತೀರಿಕೊಂಡರೆ ಸಹಾಯಧನ ಯಾರ ಹೆಸರಿಗೆ ಹೋಗಬೇಕು. ಎಲ್ಲಕ್ಕೂ ಉತ್ತರ ಬರುವುದು ಆ ಪಟ್ಟಿಯಿಂದಲೇ. ಅದು ತಪ್ಪಿದ್ದರೆ ಮೇಲೆ ಕೂತವರು ಎಷ್ಟು ಒಳ್ಳೆಯವರಾದರೂ ಸಂಘ ತಪ್ಪುತ್ತದೆ.

ಪಟ್ಟಿ ಹೇಗೆ ತಪ್ಪುತ್ತದೆ ಅನ್ನುವುದಕ್ಕೆ ನಿಮ್ಮ ಮನೆ ವಿಳಾಸವನ್ನೇ ತೊಗೊಳ್ಳಿ. ಚಿಂತಾಮಣಿಯ ಪಿನ್‌ಕೋಡ್ 563125. ಕೋಲಾರದ್ದು 563101. ಚಿಕ್ಕಬಳ್ಳಾಪುರದ್ದು 562101. ಮೊದಲ ಮೂರು ಅಂಕಿ ನೋಡಿದರೆ ನೀವು ಕೋಲಾರದವರು. ಪಿನ್‌ಕೋಡ್ ಬಂದದ್ದು 1972 ರಲ್ಲಿ, ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗಿದ್ದು 2007 ರಲ್ಲಿ. ಪಾವಗಡ ತುಮಕೂರು ಜಿಲ್ಲೆಯದು, ಆದರೆ ಅದರ ಪಿನ್ 561202, ತುಮಕೂರಿನದು 572101. ಪಿನ್ ನೋಡಿ ಜಿಲ್ಲೆ ತುಂಬುವ ಹಾಗೆ ಯಾರೋ ಒಂದು ಸೂತ್ರ ಬರೆದಿಟ್ಟರೆ ಚಿಂತಾಮಣಿಯ ಡಾಕ್ಟರುಗಳೆಲ್ಲ ಕೋಲಾರದ ಶಾಖೆಗೆ ಹೋಗಿ ಕೂರುತ್ತಾರೆ. ನಾನು ಸೇರಿದಾಗ ನಮ್ಮ ಪಟ್ಟಿಯಲ್ಲಿ ಹಾಗೇ ಆಗಿತ್ತು. ಜಿಲ್ಲೆ ಒಡೆಯುವ ಮುಂಚೆ ಸೇರಿದವರ ವಿಳಾಸದಲ್ಲಿ ಇನ್ನೂ 'ಚಿಂತಾಮಣಿ, ಕೋಲಾರ ಜಿಲ್ಲೆ' ಅಂತಲೇ ಇತ್ತು. ಒಂದೊಂದನ್ನೂ ಕೂತು ನೋಡಬೇಕಾಯಿತು.

2014 ರ ನವೆಂಬರ್ 1 ರಂದು ಸರ್ಕಾರ ಊರುಗಳ ಇಂಗ್ಲಿಷ್ ಹೆಸರು ತಿದ್ದಿತಲ್ಲ, ಆಗ ತುಮಕೂರಿನ ಸ್ಪೆಲಿಂಗೂ ಬದಲಾಯಿತು. ಕನ್ನಡದಲ್ಲಿ ಓದುವವರಿಗೆ ಏನೂ ವ್ಯತ್ಯಾಸವಿಲ್ಲ. ನಮ್ಮ ಟೇಬಲ್ ಇಂಗ್ಲಿಷ್‌ನಲ್ಲಿತ್ತು. ಹಳೆ ಸ್ಪೆಲಿಂಗ್‌ನ ತುಮಕೂರು, ಹೊಸ ಸ್ಪೆಲಿಂಗ್‌ನ ತುಮಕೂರು ಎರಡು ಬೇರೆ ಊರು ಅಂತ ಕಂಪ್ಯೂಟರ್ ಲೆಕ್ಕ ಹಾಕಿತು. ಚಿಕ್ಕಬಳ್ಳಾಪುರವನ್ನಂತೂ ಎಷ್ಟು ತರಹ ಬರೆಯಬಹುದು ಅಂತ ನಿಮಗೇ ಗೊತ್ತು. ಇದಕ್ಕೆ ಮದ್ದು ಒಂದೇ. ಊರಿನ ಹೆಸರನ್ನು ಕೈಯಲ್ಲಿ ಟೈಪ್ ಮಾಡಲು ಬಿಡಬಾರದು. ಜಿಲ್ಲೆ, ತಾಲ್ಲೂಕುಗಳಿಗೆ ಬೇರೆ ಟೇಬಲ್ ಮಾಡಿ ಅದರಿಂದ ಆರಿಸುವ ಹಾಗಿರಬೇಕು. ಕಾಲೇಜಲ್ಲಿ ನಾರ್ಮಲೈಸೇಷನ್ ಅಂತ ಪರೀಕ್ಷೆಗೆ ಬರೆದಿರುತ್ತೀರಿ. ಅದು ಇದೇ.

ಹೆಸರುಗಳದ್ದು ಇನ್ನೊಂದು ಕಥೆ. ನಮ್ಮ ಕಡೆ ಇನಿಷಿಯಲ್ ಒಬ್ಬರು ಮುಂದೆ ಹಾಕುತ್ತಾರೆ, ಒಬ್ಬರು ಹಿಂದೆ ಹಾಕುತ್ತಾರೆ. ಲಕ್ಷ್ಮಿ ಅನ್ನುವ ಹೆಸರನ್ನು ಇಂಗ್ಲಿಷ್‌ನಲ್ಲಿ ಎಕ್ಸ್ ಹಾಕಿ ಬರೆಯುವವರೂ ಇದ್ದಾರೆ, ಕೆ-ಎಸ್-ಎಚ್ ಹಾಕಿ ಬರೆಯುವವರೂ ಇದ್ದಾರೆ. ಮದುವೆಯಾದ ಮೇಲೆ ಅಪ್ಪನ ಇನಿಷಿಯಲ್ ಬಿಟ್ಟು ಗಂಡನ ಹೆಸರು ಸೇರಿಸಿಕೊಂಡ ಡಾಕ್ಟರಮ್ಮನವರ ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಹಳೆ ಹೆಸರೇ ಇರುತ್ತದೆ. ಒಬ್ಬರೇ ಎರಡು ಸಾಲಲ್ಲಿ ಕೂತಿರುತ್ತಾರೆ, ಇಬ್ಬರು ಒಂದೇ ಸಾಲಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಎರಡನೆಯದು ಜಾಸ್ತಿ ಅಪಾಯ. ಒಂದೇ ಹೆಸರು, ಒಂದೇ ಊರು ಅಂತ ಎರಡು ಸಾಲನ್ನು ಸೇರಿಸಿಬಿಟ್ಟರೆ ಮತ್ತೆ ಬಿಡಿಸುವುದು ತುಂಬಾ ಕಷ್ಟ. ಕೌನ್ಸಿಲ್ ನಂಬರ್, ಹುಟ್ಟಿದ ತಾರೀಕು, ಎಂಬಿಬಿಎಸ್ ಮುಗಿಸಿದ ಕಾಲೇಜು ಮತ್ತು ವರ್ಷ ಇಷ್ಟು ಹೊಂದಿದರೆ ಮಾತ್ರ ಸೇರಿಸಿ. ಸ್ವಲ್ಪ ಅನುಮಾನ ಬಂದರೂ ಫೋನ್ ಮಾಡಿ ಕೇಳಿ. ಬೆಳಿಗ್ಗೆ ಓಪಿಡಿ ಹೊತ್ತಲ್ಲಿ ಮಾಡಬೇಡಿ, ಮಧ್ಯಾಹ್ನ ಎರಡರ ಮೇಲೆ ಮಾಡಿದರೆ ಸಮಾಧಾನವಾಗಿ ಮಾತಾಡುತ್ತಾರೆ.

ಒಂದು ದಿನದ ವಿಷಯ ಹೇಳುತ್ತೇನೆ. ನಾನು ಸೇರಿ ಎರಡನೇ ವರ್ಷ. ಎಪ್ಪತ್ತು ದಾಟಿದ ಒಬ್ಬ ಅಮ್ಮ ಆಫೀಸಿಗೆ ಬಂದರು. ತಿಂಡಿ ಡಬ್ಬಿ ಇಡುವ ವೈರ್ ಬುಟ್ಟಿಯಿಂದ ಮೂರು ಕವರ್ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರೂ ನಾವೇ ಕಳಿಸಿದ ರಿನ್ಯೂವಲ್ ಕಾಗದ. ಮೂರು ವರ್ಷದ್ದು. 'ಮಾನ್ಯ ಡಾಕ್ಟರೇ, ನಿಮ್ಮ ಸದಸ್ಯತ್ವ ಶುಲ್ಕ ಬಾಕಿ ಇದೆ' ಅಂತ ಅವರ ಯಜಮಾನರ ಹೆಸರಿಗೆ. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. 'ಮೊದಲನೇ ಸಲ ಬಂದಾಗಲೇ ಕಾಗದ ಬರೆದಿದ್ದೆ ಕಣಪ್ಪಾ' ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹುಡುಕಿದೆ. ಅವರ ಕಾಗದ ಬಂದಿತ್ತು, ಫೈಲಿಗೂ ಸೇರಿತ್ತು. ಆದರೆ ನಮ್ಮ ಟೇಬಲ್‌ನಲ್ಲಿ ಸದಸ್ಯರು ತೀರಿಕೊಂಡಿದ್ದಾರೆ ಅಂತ ಗುರುತು ಹಾಕುವ ಕಾಲಂ ಇರಲಿಲ್ಲ. ಯಾರೋ 'ಷರಾ' ಕಾಲಂನಲ್ಲಿ ಬರೆದು ಸುಮ್ಮನಾಗಿದ್ದರು. ಕಾಗದ ಯಾರಿಗೆ ಹೋಗಬೇಕು ಅಂತ ಹೆಸರು ಹುಡುಕಿ ಕೊಡುವ ಆಜ್ಞೆ, ಅಂದರೆ ಕ್ವೆರಿ, ಷರಾ ಓದುವುದಿಲ್ಲ. ಆ ವಾರ ಕೂತು 'ಸ್ಥಿತಿ' ಅಂತ ಹೊಸ ಕಾಲಂ ಮಾಡಿದೆ. ಸಕ್ರಿಯ, ಬಾಕಿ, ರಾಜೀನಾಮೆ, ನಿಧನ. ಷರಾ ಕಾಲಂನ ಎಲ್ಲಾ ಸಾಲನ್ನೂ ಕಣ್ಣಲ್ಲಿ ಓದಿ ತುಂಬಿದೆ. ಅಂಥ ಇನ್ನೂ ಎಷ್ಟೋ ಮನೆ ಇದ್ದವು. ಅಷ್ಟು ವರ್ಷ ಆ ಮನೆಗಳಿಗೆಲ್ಲ ನಾವು ಕಾಗದ ಕಳಿಸುತ್ತಲೇ ಇದ್ದೆವು. ಕೆಲವರಿಗೆ ಸಹಾಯಧನ ಬರಬೇಕಾಗಿದ್ದದ್ದೂ ಆಗ ಗೊತ್ತಾಯಿತು. ಟೈಪಿಂಗ್ ಕೆಲಸ ಅಂತ ಯಾರಾದರೂ ಅಂದಾಗ ನನಗೆ ಆ ಮೂರು ಕವರ್ ನೆನಪಾಗುತ್ತದೆ.

ಇನ್ನು ದಿನದ ಕೆಲಸ. ಸೋಮವಾರ ಫೋನ್ ಜಾಸ್ತಿ. ಭಾನುವಾರ ಎಲ್ಲೋ ಒಂದು ಹಾಲ್‌ನಲ್ಲಿ ಸಿಎಂಇ ನಡೆದಿರುತ್ತದೆ, ಅಂದರೆ ಡಾಕ್ಟರುಗಳು ಹೊಸ ವಿಷಯ ಕಲಿಯುವ ಕಾರ್ಯಕ್ರಮ. ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥದ್ದರಲ್ಲಿ ಭಾಗವಹಿಸಬೇಕು ಅಂತ 2002 ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ. ಹಾಗಾಗಿ 'ಸಹಿ ಮಾಡಿದ್ದೆ, ನನ್ನ ಪಾಯಿಂಟ್ ಯಾಕೆ ಬಂದಿಲ್ಲ' ಅಂತ ಕೇಳುತ್ತಾರೆ. ನೀವು ಹಾಜರಿ ಹಾಳೆ ನೋಡಬೇಕು. ಡಾಕ್ಟರ ಸಹಿ ಓದುವುದು ಒಂದು ವಿದ್ಯೆ, ಆರು ತಿಂಗಳಲ್ಲಿ ಬರುತ್ತದೆ. ಮಿಕ್ಕ ದಿನ ವಿಳಾಸ ಬದಲಾವಣೆ, ಹಣ ಕಟ್ಟಿದ್ದು ಬ್ಯಾಂಕಿಗೆ ಬಂದಿದೆ ಆದರೆ ಯಾರದು ಅಂತ ತಿಳಿಯದ ಯುಪಿಐ ಪಾವತಿ, ಪಾಸ್‌ವರ್ಡ್ ಮರೆತವರು, ಖಜಾಂಚಿಗೆ ತಿಂಗಳ ವರದಿ.

ಈಗ ಕಲಿಯುವ ವಿಷಯ. ಎಸ್‌ಕ್ಯುಎಲ್ ಬೇಕೇ ಬೇಕು. ಹೆದರಬೇಡಿ, ಈ ಕೆಲಸಕ್ಕೆ ಬೇಕಾದದ್ದು ಅದರ ಕಾಲು ಭಾಗ. ಸಾಲುಗಳನ್ನು ತೆಗೆದು ತೋರಿಸುವ ಸೆಲೆಕ್ಟ್, ಯಾವ ಸಾಲು ಅಂತ ಷರತ್ತು ಹಾಕುವ ವೇರ್, ಎರಡು ಟೇಬಲ್ ಜೋಡಿಸುವ ಜಾಯಿನ್, ಗುಂಪು ಮಾಡಿ ಲೆಕ್ಕ ಹಾಕುವ ಗ್ರೂಪ್ ಬೈ. ಇದಿಷ್ಟನ್ನು ನಿದ್ದೆಯಲ್ಲಿ ಕೇಳಿದರೂ ಬರೆಯುವ ಹಾಗೆ ಮಾಡಿಕೊಳ್ಳಿ. ಆದರೆ ಅಪ್‌ಡೇಟ್ ಮತ್ತು ಡಿಲೀಟ್ ಮುಟ್ಟುವಾಗ ಕೈ ನಡುಗಬೇಕು. ನನ್ನದೇ ತಪ್ಪು ಹೇಳುತ್ತೇನೆ. ಒಬ್ಬ ಡಾಕ್ಟರು ತುಮಕೂರಿಂದ ಕೋಲಾರಕ್ಕೆ ಬಂದರು, ಶಾಖೆ ಬದಲಿಸಬೇಕಿತ್ತು. ಅಪ್‌ಡೇಟ್ ಬರೆದೆ. ವೇರ್ ಸಾಲನ್ನು ಸೇರಿಸದೆ ಓಡಿಸಿದೆ. ಒಂದು ಸಾಲು ಬದಲಾಗಬೇಕಾದಲ್ಲಿ ಸಾವಿರಗಟ್ಟಲೆ ಸಾಲು ಬದಲಾಗಿದೆ ಅಂತ ತೆರೆ ಮೇಲೆ ಬಂತು. ರಾಜ್ಯದ ಸದಸ್ಯರೆಲ್ಲ ಒಂದೇ ಗಳಿಗೆಯಲ್ಲಿ ಕೋಲಾರ ಶಾಖೆಯವರಾದರು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಉಳಿದುಕೊಂಡೆ. ಆದರೆ ಅವತ್ತು ಬೆಳಿಗ್ಗೆಯಿಂದ ಮಾಡಿದ ಬದಲಾವಣೆಗಳನ್ನೆಲ್ಲ ಕಾಗದ ನೋಡಿ ಮತ್ತೆ ಹಾಕಬೇಕಾಯಿತು. ರಾತ್ರಿ ಒಂಬತ್ತಾಯಿತು.

ಅವತ್ತಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಬದಲಿಸುವ ಮುಂಚೆ ಅದೇ ವೇರ್ ಹಾಕಿ ಸೆಲೆಕ್ಟ್ ಓಡಿಸಿ ನೋಡುವುದು. ಎಷ್ಟು ಸಾಲು ಬಂತು ಅಂತ ಕಾಗದದ ಮೇಲೆ ಬರೆದುಕೊಳ್ಳುವುದು. ಆಮೇಲೆ ಟ್ರಾನ್ಸಾಕ್ಷನ್ ಶುರು ಮಾಡಿ, ಅಂದರೆ ನಾವು ಒಪ್ಪುವ ತನಕ ಬದಲಾವಣೆ ಕಾಯಂ ಆಗದ ಹಾಗೆ ಮಾಡಿ, ಅಪ್‌ಡೇಟ್ ಓಡಿಸುವುದು. ಸಂಖ್ಯೆ ತಾಳೆಯಾದರೆ ಕಮಿಟ್ ಮಾಡಿ ಕಾಯಂ ಮಾಡುವುದು, ಇಲ್ಲದಿದ್ದರೆ ರೋಲ್‌ಬ್ಯಾಕ್ ಮಾಡಿ ಮೊದಲಿನ ಹಾಗೆ ತರುವುದು. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಬ್ಯಾಕಪ್ ತೆಗೆದಿದ್ದೀವಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರು ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎಕ್ಸೆಲ್ ನಿಮಗೆ ಚೆನ್ನಾಗಿ ಬರುತ್ತದೆ ಅಂದುಕೊಂಡಿದ್ದೇನೆ, ಬಿಲ್ಲಿಂಗ್‌ನಲ್ಲಿದ್ದವರಲ್ವಾ. ಅದು ಲೆಕ್ಕಕ್ಕೆ ಒಳ್ಳೆಯದು, ರಿಜಿಸ್ಟರ್ ಇಡುವುದಕ್ಕೆ ಅಲ್ಲ. ಕೋಲಾರದ ಎಸ್‌ಟಿಡಿ ಕೋಡ್ 08152 ಅಂತ ಹಾಕಿ ನೋಡಿ, ಮುಂದಿನ ಸೊನ್ನೆ ಮಾಯ. 15 ಅಂಕಿ ದಾಟಿದ ಸಂಖ್ಯೆ ಹಾಕಿದರೆ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಕೆಲವು ಸಲ ದಿನ, ತಿಂಗಳು ಅದಲುಬದಲಾಗಿ ಏಪ್ರಿಲ್ 3 ಮಾರ್ಚ್ 4 ಆಗುತ್ತದೆ. ಇದು ನಮ್ಮಂಥ ಸಣ್ಣ ಆಫೀಸಿನ ಪಾಡು ಮಾತ್ರ ಅಂದುಕೊಳ್ಳಬೇಡಿ. 2020 ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಹಳೆ ಮಾದರಿಯ ಎಕ್ಸೆಲ್ ಫೈಲು ಬಳಸಿದ್ದರು. ಅದರಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. ಮಿಕ್ಕದ್ದು ಸದ್ದಿಲ್ಲದೆ ಬಿದ್ದುಹೋಯಿತು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಂದರೆ ಇದೆ. ಜಿಲ್ಲಾ ಶಾಖೆಗಳಿಂದ ಬರುವ ಹಳೆ ಪಟ್ಟಿಗಳು ನುಡಿ, ಬರಹ, ಶ್ರೀಲಿಪಿಯ ಹಳೆ ಫಾಂಟ್‌ಗಳಲ್ಲಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳು. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲಾ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಪದ್ಧತಿಗೆ, ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಲ್ಲಿ ನೋಡಿ. ಟೇಬಲ್ ಅಕ್ಷರಗಳನ್ನು ಉಳಿಸುವ ರೀತಿ, ಅಂದರೆ ಕ್ಯಾರೆಕ್ಟರ್ ಸೆಟ್, ಯೂನಿಕೋಡ್‌ನ ಯುಟಿಎಫ್-8 ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಕನ್ನಡ ಹಾಕಿದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ, ಮೂಲ ಅಕ್ಷರ ವಾಪಸ್ ಬರುವುದಿಲ್ಲ.

ಈಗ ನಾನು ತುಂಬಾ ಗಟ್ಟಿಯಾಗಿ ಹೇಳಬೇಕಾದ ಮಾತು. ನಿಮ್ಮ ಕೈಯಲ್ಲಿರುವ ಪಟ್ಟಿಗೆ ಬೆಲೆ ಇದೆ. ಮೂರು ಜಿಲ್ಲೆಯ ಡಾಕ್ಟರುಗಳ ಹೆಸರು, ಮೊಬೈಲ್, ಯಾವ ತಜ್ಞರು ಅನ್ನುವ ವಿವರ ಔಷಧ ಕಂಪನಿಗೆ ಬೇಕು, ವಿಮೆ ಮಾರುವವರಿಗೆ ಬೇಕು, ಸೈಟು ಮಾರುವವರಿಗೂ ಬೇಕು. ಪರಿಚಯದವರೇ ಬಂದು 'ಸುಮ್ನೆ ಒಂದು ಲಿಸ್ಟ್ ಕೊಡಿ' ಅನ್ನುತ್ತಾರೆ. ಚುನಾವಣೆ ಬಂದಾಗ ಪದಾಧಿಕಾರಿಗಳೇ ಕೇಳುತ್ತಾರೆ, ಒಂದು ಕಡೆಯವರಿಗೆ ಮಾತ್ರ. ಕೊಡಬೇಡಿ. 'ಕಾರ್ಯದರ್ಶಿಗಳಿಂದ ಲಿಖಿತವಾಗಿ ಬರಲಿ ಸಾರ್, ಕೊಡುತ್ತೇನೆ' ಅಂತ ನಗುತ್ತಲೇ ಹೇಳಿ. ಮುಕ್ಕಾಲು ಪಾಲು ಜನ ಮತ್ತೆ ಬರುವುದಿಲ್ಲ. 2023 ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿಯನ್ನು ಭದ್ರವಾಗಿ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ದಂಡದ ಮಾತು ಬಿಡಿ. ಆ ಡಾಕ್ಟರುಗಳು ತಮ್ಮ ಮನೆ ವಿಳಾಸ, ನಾಮಿನಿ ಹೆಸರು ನಿಮ್ಮನ್ನು ನಂಬಿ ಕೊಟ್ಟಿದ್ದಾರೆ. ರಾತ್ರಿ ಹೊತ್ತು ಕ್ಲಿನಿಕ್ ಮುಂದೆ ಗಲಾಟೆ ಆಗುವ ಕಾಲ ಇದು. ಮನೆ ವಿಳಾಸ ಹೊರಗೆ ಹೋದರೆ ಏನಾಗಬಹುದು ಯೋಚಿಸಿ.

ಗೆಳತಿಯರು ಹೇಳುವ ಸಾಫ್ಟ್‌ವೇರ್ ಕಂಪನಿ ವಿಷಯ. ಅಲ್ಲಿ ಸಂಬಳ ಬೇಗ ಏರುತ್ತದೆ, ಸಂಘದಲ್ಲಿ ನಿಧಾನ. ಅದನ್ನು ಮುಚ್ಚಿಡುವುದಿಲ್ಲ. ಸಂಘದಲ್ಲಿ ಕಲಿಸುವವರೂ ಕಡಿಮೆ, ಎಷ್ಟೋ ಕಡೆ ನೀವೊಬ್ಬರೇ ಕಂಪ್ಯೂಟರ್ ಜನ. ಆದರೆ ಒಬ್ಬರೇ ಆಗಿರುವುದರಿಂದ ಎಲ್ಲವೂ ನಿಮ್ಮ ಕೈ ದಾಟಿಯೇ ಹೋಗುತ್ತದೆ. ಡೇಟಾ, ವರದಿ, ಬ್ಯಾಕಪ್, ವೆಂಡರ್ ಜೊತೆ ಜಗಳ, ಸದಸ್ಯರ ಜೊತೆ ಮಾತು. ದೊಡ್ಡ ಕಂಪನಿಯಲ್ಲಿ ಐದು ವರ್ಷಕ್ಕೆ ಸಿಗುವ ಇಷ್ಟು ಬಗೆಯ ಕೆಲಸ ಇಲ್ಲಿ ಎರಡೇ ವರ್ಷಕ್ಕೆ ಸಿಗುತ್ತದೆ. ಅಲ್ಲಿಂದ ಆಸ್ಪತ್ರೆಗಳಲ್ಲಿ ಮಾಹಿತಿ, ವರದಿ ನೋಡಿಕೊಳ್ಳುವ ಎಂಐಎಸ್ ವಿಭಾಗಕ್ಕೆ, ಆರೋಗ್ಯ ವಿಮೆ ಕಂಪನಿಗಳಿಗೆ, ಔಷಧ ಪ್ರಯೋಗಗಳ ಡೇಟಾ ನೋಡುವ ಕಂಪನಿಗಳಿಗೆ ಹೋಗಬಹುದು. ಡೇಟಾಬೇಸ್ ಅಡ್ಮಿನ್ ಆಗಬಹುದು. ಕಂಪ್ಯೂಟರೂ ಬಂದು, ಡಾಕ್ಟರುಗಳ ಲೋಕವೂ ಗೊತ್ತಿರುವವರು ಹುಡುಕಿದರೂ ಸಿಗುವುದಿಲ್ಲ. ನೀವು ಬಿಲ್ಲಿಂಗ್ ಕೌಂಟರ್‌ನಲ್ಲಿ ಕಳೆದ ಎರಡು ವರ್ಷ ಅದಕ್ಕೇ ವ್ಯರ್ಥ ಅಲ್ಲ.

ಸಂದರ್ಶನದಲ್ಲಿ ನೀವೂ ಕೇಳಬೇಕು. ಪಿಎಫ್ ಇದೆಯಾ? ಆರ್ಡರ್‌ನಲ್ಲಿ ಹುದ್ದೆಯ ಹೆಸರು 'ಡೇಟಾಬೇಸ್ ಸಪೋರ್ಟ್' ಅಂತಲೇ ಇರುತ್ತದಾ, 'ಆಫೀಸ್ ಅಸಿಸ್ಟೆಂಟ್' ಅಂತ ಬರುತ್ತದಾ? ಮುಂದಿನ ಕೆಲಸ ಹುಡುಕುವಾಗ ಆ ಎರಡು ಪದದಿಂದ ತುಂಬಾ ವ್ಯತ್ಯಾಸವಾಗುತ್ತದೆ. ನನಗೆ ಹೇಳುವವರು ಒಬ್ಬರಾ, ಪದಾಧಿಕಾರಿಗಳೆಲ್ಲರಾ? ಪದಾಧಿಕಾರಿಗಳು ಬದಲಾಗುತ್ತಲೇ ಇರುತ್ತಾರೆ, ಅದಕ್ಕೆ ಆಫೀಸಿನಲ್ಲಿ ಕಾಯಂ ಆಗಿ ಇರುವ ಒಬ್ಬರು ನಿಮ್ಮ ಮೇಲಿನವರಾಗಿರಲಿ. ಬ್ಯಾಕಪ್ ಯಾರು ನೋಡುತ್ತಾರೆ ಅಂತಲೂ ಕೇಳಿ. ಆ ಪ್ರಶ್ನೆ ಕೇಳಿದವರನ್ನು ಅವರು ಮರೆಯುವುದಿಲ್ಲ.

ತಯಾರಿಗೆ ದುಡ್ಡು ಸುರಿಯಬೇಡಿ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶ ಎರಡನ್ನೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಸದಸ್ಯತ್ವ ನೋಡಿಕೊಳ್ಳುವುದಕ್ಕೆಂದೇ ಮಾಡಿರುವ ಸಿವಿಸಿಆರ್‌ಎಂ ಅನ್ನುವ ತಂತ್ರಾಂಶವೂ ಪುಕ್ಕಟೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಡೇಟಾಬೇಸ್ ಪಾಠಗಳಿವೆ, ಅಲ್ಲಿನ ಹಲವು ಪಾಠಗಳು ಕನ್ನಡ ಧ್ವನಿಯಲ್ಲೂ ಸಿಗುತ್ತವೆ. ಅಭ್ಯಾಸಕ್ಕೆ ಅಂತ ನಿಮ್ಮ ನರ್ಸಿಂಗ್ ಹೋಮ್‌ನ ರೋಗಿಗಳ ಪಟ್ಟಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ. ಐವತ್ತು ಹೆಸರು ನೀವೇ ಕಟ್ಟಿ. ಅದರಲ್ಲಿ ಬೇಕೆಂದೇ ನಾಲ್ಕು ಜನರನ್ನು ಎರಡೆರಡು ಸಲ ಹಾಕಿ, ಇನಿಷಿಯಲ್ ಹಿಂದೆ ಮುಂದೆ ಮಾಡಿ. ಚಿಕ್ಕಬಳ್ಳಾಪುರವನ್ನು ಮೂರು ತರಹ ಬರೆಯಿರಿ. ಇಬ್ಬರನ್ನು ಷರಾ ಕಾಲಂನಲ್ಲಿ ಮಾತ್ರ ನಿಧನ ಅಂತ ಗುರುತು ಮಾಡಿ. ಆಮೇಲೆ ಎಲ್ಲವನ್ನೂ ಎಸ್‌ಕ್ಯುಎಲ್‌ನಲ್ಲಿ ಹುಡುಕಿ ಸರಿಮಾಡಿ, ಪ್ರತಿ ಹೆಜ್ಜೆಯನ್ನೂ ಬರೆದಿಡಿ. ಎರಡು ವಾರದ ಕೆಲಸ. ಸಂದರ್ಶನದ ದಿನ ಆ ಟೇಬಲನ್ನು ಲ್ಯಾಪ್‌ಟಾಪ್‌ನಲ್ಲಿ ತೊಗೊಂಡು ಹೋಗಿ. ಹೊರಡುವ ಮುಂಚೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಲ ತೋರಿಸಿ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಅಂತ ಎರಡನ್ನೂ.